ಕಿವಿ ಬಿದ್ದರೂ ಸ್ಪಾಕ್ ಸ್ಪಾಕೇ

ಹೋದ ವರ್ಷ ಮಗಳ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇತ್ತು. ಒನಕೆ ಓಬವ್ವ ಆಗು, ಕಿತ್ತೂರು ಚೆನ್ನಮ್ಮ ಆಗು, ಹೋಗ್ಲಿ ಸೌತೆಕಾಯಿ ಆದ್ರೂ ಆಗು ಮಾರಾಯ್ತಿ ಅಂತ ಬೇಡಿಕೊಂಡೆ. ಕೇಳಲಿಲ್ಲ. ಅವಳಿಗೆ ಸ್ಪಾಕ್ ಆಗಬೇಕಿತ್ತು. ತಪ್ಪು ನನ್ನದೇ, ಸ್ಪಾಕ್ ಇರುವ ಅಮೆರಿಕದ ಬಾಹ್ಯಾಕಾಶ ಸೀರಿಯಲ್ ಸ್ಟಾರ್ ಟ್ರೆಕ್‌ನ ಹಳೇ ಕಂತುಗಳನ್ನೆಲ್ಲ ರಜೆಯಲ್ಲಿ ಕೂರಿಸಿ ತೋರಿಸಿದವಳು ನಾನೇ. ಚೂಪು ಕಿವಿ ತಾನೇ, ಏನು ಮಹಾ ಅಂತ ಮೈದಾ ಹಿಟ್ಟು, ಡ್ರಾಯಿಂಗ್ ಶೀಟು, ಎರಡೂ ಕಡೆ ಅಂಟುವ ಟೇಪು ಹಿಡಿದು ರಾತ್ರಿ ಹನ್ನೊಂದರವರೆಗೆ ಕೂತೆ. ಬೆಳಿಗ್ಗೆ ವೇದಿಕೆ ಹತ್ತಿ "ನಾನು ವಲ್ಕನ್ ಗ್ರಹದಿಂದ ಬಂದಿದ್ದೇನೆ" ಅನ್ನುವಷ್ಟರಲ್ಲಿ ಎಡಗಿವಿ ಕಳಚಿ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು, ಜೇಬಿಗೆ ಹಾಕಿಕೊಂಡಳು, ಮಾತು ಮುಂದುವರಿಸಿದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಮೊದಲ ಬಹುಮಾನ ಬದನೆಕಾಯಿಗೆ ಹೋಯಿತು, ಆ ಮಾತು ಬೇಡ.

ಮನೆಗೆ ಬರುವಾಗ ಆಟೋದಲ್ಲಿ ಕೇಳಿದಳು, "ಅಮ್ಮ, ಟಿವಿಯಲ್ಲಿ ಅವರ ಕಿವಿ ಯಾಕೆ ಬೀಳಲ್ಲ?"

ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಹೆಚ್ಚುಕಮ್ಮಿ ಒಂದು ವರ್ಷ ಕಳೆದಿದ್ದೇನೆ. ಹಳೇ ಸಂದರ್ಶನ, ಮೇಕಪ್‌ನವರ ನೆನಪುಗಳು, ಅಚ್ಚು ತೆಗೆಯುವ ವಿಡಿಯೋ, ಏನೆಲ್ಲ ನೋಡಿದೆನೋ. ಏಲಿಯನ್ ಮುಖ ಹೇಗಿರಬೇಕು ಅಂತ ತೀರ್ಮಾನ ಮಾಡೋದು ಜೀವವಿಜ್ಞಾನ ಅಲ್ಲ, ಬಜೆಟ್ಟು. ಅದಾದ ಮೇಲೆ ನಟನ ಕತ್ತು, ಕೆನ್ನೆ, ಕಣ್ಣು. ಇಷ್ಟು ಮಾತ್ರ ನನಗೆ ಅರ್ಥ ಆಗಿದೆ.

ಸ್ಪಾಕ್‌ನಿಂದಲೇ ಶುರು ಮಾಡ್ತೀನಿ. ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ಅದಕ್ಕೂ ಮುಂಚೆ 'ದಿ ಲೆಫ್ಟಿನೆಂಟ್' ಅನ್ನುವ ಸೀರಿಯಲ್ ಮಾಡುತ್ತಿದ್ದರು. ಅದರ ಒಂದು ಕಂತಿಗೆ, ಮುಂದೆ ಸ್ಪಾಕ್ ಆದ ನಟ ಲೆನರ್ಡ್ ನಿಮಾಯ್ ಬಂದಿದ್ದರು. ಸಪೂರ ಮುಖ, ಎದ್ದು ಕಾಣುವ ಕೆನ್ನೆಮೂಳೆ. ಈ ಮುಖಕ್ಕೆ ಚೂಪು ಕಿವಿ ಇಟ್ಟರೆ ಹೇಗಿರುತ್ತೆ ಅಂತ ರಾಡನ್‌ಬೆರಿಗೆ ಹೊಳೆಯಿತು. ಮುಖ ಮೊದಲು, ಕಿವಿ ಆಮೇಲೆ. ಈ ಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತೆ.

1964ರ ಕೊನೆಯಲ್ಲಿ ಮೊದಲ ಪೈಲಟ್, ಅಂದರೆ ಚಾನೆಲ್‌ಗೆ ತೋರಿಸುವ ಮಾದರಿ ಕಂತಿನ ಶೂಟಿಂಗ್. ಆದರೆ ಕಿವಿ ಸರಿಯಾಗಿ ಬರುತ್ತಿಲ್ಲ. ದಪ್ಪ, ಒರಟು, ಅಂಟಿಸಿದ ಕಡೆ ಗೆರೆ ಎದ್ದು ಕಾಣುತ್ತೆ. ಮೇಕಪ್ ಮಾಡುತ್ತಿದ್ದ ಫ್ರೆಡ್ ಫಿಲಿಪ್ಸ್‌ಗೆ ತಲೆಕೆಟ್ಟು, ನಿಮಾಯ್ ಅವರನ್ನು ಕರೆದುಕೊಂಡು ಎಂಜಿಎಂ ಸ್ಟುಡಿಯೋದಲ್ಲಿದ್ದ ಚಾರ್ಲ್ಸ್ ಶ್ರಾಮ್ ಹತ್ತಿರ ಹೋದರು. ಅಲ್ಲಿ ನಿಮಾಯ್ ಅವರ ಸ್ವಂತ ಕಿವಿಯ ಅಚ್ಚು ತೆಗೆದು, ಅದರ ಮೇಲೆ ಕೂರುವ ತುದಿ ಮಾಡಿದರು. ನಾನು ಮಾಡದೇ ಬಿಟ್ಟಿದ್ದು ಇದನ್ನೇ. ಮಗಳ ಕಿವಿಯ ಅಳತೆ ತೆಗೆಯದೆ ಚಿತ್ರ ನೋಡಿಕೊಂಡು ಕತ್ತರಿಸಿದ್ದೆ. ಬೀಳದೆ ಇನ್ನೇನಾಗುತ್ತೆ!

ನಿಮಾಯ್‌ಗೂ ಆ ಕಿವಿ ಬೇಡವಾಗಿತ್ತಂತೆ. ಜನ ನಗುತ್ತಾರೆ, ಇಷ್ಟು ವರ್ಷದ ಕೆಲಸ ಹಾಳಾಗುತ್ತೆ ಅಂತ ಭಯ. ರಾಡನ್‌ಬೆರಿ ಒಂದು ಮಾತು ಕೊಟ್ಟರು: ಹದಿಮೂರು ಕಂತು ಆಗಲಿ, ಆಮೇಲೂ ಖುಷಿ ಇಲ್ಲದಿದ್ದರೆ ಸ್ಪಾಕ್‌ಗೆ ಕಿವಿಯ ಆಪರೇಷನ್ ಮಾಡಿಸೋ ಕಥೆ ಬರೆದು ತೆಗೆಸಿಬಿಡ್ತೀನಿ. ಆ ಕಂತು ಬರೆಯುವ ಪ್ರಮೇಯ ಬರಲಿಲ್ಲ. ಚಾನೆಲ್‌ನವರಿಗೂ ಹೆದರಿಕೆ ಇತ್ತು, ಈತ ಸೈತಾನನ ಥರ ಕಾಣ್ತಾನೆ ಅಂತ. ಎನ್‌ಬಿಸಿಯವರು ಸೀರಿಯಲ್ ಪ್ರಚಾರಕ್ಕೆ ಹಂಚಿದ ಪುಸ್ತಿಕೆಯಲ್ಲಿ ಸ್ಪಾಕ್‌ನ ಕಿವಿಯ ತುದಿ, ಹುಬ್ಬಿನ ತುದಿ ಎರಡನ್ನೂ ತಿದ್ದಿ ಸಾದಾ ಮನುಷ್ಯನ ಹಾಗೆ ಮಾಡಿಬಿಟ್ಟಿದ್ದರು. 1966ರ ಸೆಪ್ಟೆಂಬರ್‌ನಲ್ಲಿ ಪ್ರಸಾರ ಶುರುವಾದ ಮೇಲೆ ಜನಕ್ಕೆ ಇಷ್ಟ ಆಗಿದ್ದೇ ಆ ಕಿವಿ ಅನ್ನೋದು ಗೊತ್ತಿರೋ ಕಥೆ.

ಅಂದ ಹಾಗೆ ಸ್ಪಾಕ್ ಮೊದಲು ಕೆಂಪಗಿರಬೇಕಿತ್ತು. ಆದರೆ ಆಗ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಕಪ್ಪು ಬಿಳುಪು ಟಿವಿ, ಅದರಲ್ಲಿ ಕೆಂಪು ಬಣ್ಣ ಕರ‍್ರಗೆ ಕಾಣುತ್ತೆ. ಹಾಗಾಗಿ ನಸು ಹಳದಿಗೆ ಬಂದರು. ಹಸಿರು ಬಣ್ಣದ್ದು ಇನ್ನೂ ಚೆನ್ನಾಗಿದೆ. ಅದೇ ಪೈಲಟ್‌ನಲ್ಲಿ ಹಸಿರು ಮೈಯ ಹೆಂಗಸೊಬ್ಬಳು ಬರುತ್ತಾಳೆ. ಬಣ್ಣ ಪರೀಕ್ಷೆ ಮಾಡೋಣ ಅಂತ ಮೇಜಲ್ ಬ್ಯಾರೆಟ್ ಅವರಿಗೆ ಹಸಿರು ಬಳಿದು ಶೂಟ್ ಮಾಡಿ ಫಿಲ್ಮನ್ನು ಲ್ಯಾಬ್‌ಗೆ ಕಳಿಸಿದರು. ವಾಪಸ್ ಬಂದರೆ ಮಾಮೂಲಿ ಚರ್ಮದ ಬಣ್ಣ! ಇನ್ನೂ ದಟ್ಟವಾಗಿ ಬಳಿದು ಕಳಿಸಿದರು, ಮತ್ತೆ ಅದೇ. ಆಮೇಲೆ ವಿಚಾರಿಸಿದರೆ, ಲ್ಯಾಬ್‌ನಲ್ಲಿದ್ದ ಪುಣ್ಯಾತ್ಮರು ಶೂಟಿಂಗ್‌ನಲ್ಲಿ ಏನೋ ಎಡವಟ್ಟಾಗಿದೆ ಅಂದುಕೊಂಡು ಪ್ರತಿ ಸಲ ಕಷ್ಟಪಟ್ಟು ಹಸಿರು ತೆಗೆದು ಸರಿ ಮಾಡಿ ಕಳಿಸುತ್ತಿದ್ದರಂತೆ. ಯಾರೂ ಅವರಿಗೆ ಹೇಳಿರಲೇ ಇಲ್ಲ. ನಾನು ಕೆಲಸ ಮಾಡುವ ಆಫೀಸಿನಲ್ಲೂ ವಾರಕ್ಕೊಂದು ಸಲ ಹೀಗೇ ಆಗುತ್ತೆ, ಹಸಿರು ಬಣ್ಣ ಒಂದಿಲ್ಲ ಅಷ್ಟೇ.

ಆ ಪೈಲಟ್‌ನ ಮುಖ್ಯ ಏಲಿಯನ್‌ಗಳು ಟಲೋಸಿಯನ್‌ಗಳು. ದೊಡ್ಡ ಬೋಳು ತಲೆ, ಅದರ ಮೇಲೆ ಮಿಡಿಯುವ ನರ. ಈ ಪಾತ್ರಗಳಿಗೆ ಹೆಂಗಸರನ್ನು ಹಾಕಿಕೊಂಡರು. ಮೈ ಸಣ್ಣದಿದ್ದರೆ ತಲೆ ಇನ್ನಷ್ಟು ದೊಡ್ಡದಾಗಿ ಕಾಣುತ್ತೆ ಅಂತ. ಮುಖ್ಯಸ್ಥನ ಪಾತ್ರ ಮೆಗ್ ವೈಲಿ ಅವರದ್ದು, ದನಿ ಮಾತ್ರ ಮಲಕೈ ಥ್ರೋನ್ ಅನ್ನುವ ಗಂಡಸಿನದ್ದು. ಹೆಣ್ಣಿನ ದೇಹ, ಗಂಡು ಗಂಟಲು, ಎರಡೂ ಸೇರಿ ಇದು ಯಾವ ಜಾತಿಯ ಪ್ರಾಣಿ ಅಂತಲೇ ಗೊತ್ತಾಗದ ಹಾಗಾಯಿತು. ಇವತ್ತು ನೋಡಿದರೂ ಮೈ ಜುಂ ಅನ್ನುತ್ತೆ. ಆ ನರ ಮಿಡಿಸಿದ್ದು ಹೇಗೆ ಗೊತ್ತಾ? ಬಿಪಿ ನೋಡುವಾಗ ಡಾಕ್ಟರು ಅಮುಕುತ್ತಾರಲ್ಲ, ಅಂಥದ್ದೇ ಒಂದು ರಬ್ಬರ್ ಬುರುಡೆ. ಕ್ಯಾಮೆರಾ ಆಚೆ ಕೂತು ಅಮುಕೋದು.

ಸೀರಿಯಲ್ ಶುರುವಾದ ಮೇಲೆ ದುಡ್ಡಿನ ತಾಪತ್ರಯ. ರಾಮ್ಯುಲನ್ ಅನ್ನುವ ಜನಾಂಗ ಬರುವ ಮೊದಲ ಕಂತು 1966ರದ್ದು. ಅವರಿಗೂ ಸ್ಪಾಕ್‌ನ ಹಾಗೇ ಚೂಪು ಕಿವಿ ಇರಬೇಕು, ಕಥೆ ನಿಂತಿರೋದೇ ಅದರ ಮೇಲೆ. ಆದರೆ ಹಡಗಿನ ತುಂಬ ಇರುವ ಸಿಪಾಯಿಗಳಿಗೆಲ್ಲ ಕಿವಿ ಮಾಡಿಸೋಕೆ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಏನು ಮಾಡಿದರು? ಮುಖ್ಯ ಪಾತ್ರಗಳಿಗೆ ಮಾತ್ರ ಕಿವಿ, ಉಳಿದವರಿಗೆಲ್ಲ ಕಿವಿ ಮುಚ್ಚುವ ಶಿರಸ್ತ್ರಾಣ. ಇದು ಗೊತ್ತಾದ ಮೇಲೆ ಆ ಕಂತು ನೋಡಿದರೆ ನಗು ತಡೆಯೋಕಾಗಲ್ಲ. ಬಾಹ್ಯಾಕಾಶದ ಹಡಗಿನ ಒಳಗೆ ಕೂತು ಯಾರ್ರೀ ಹೆಲ್ಮೆಟ್ ಹಾಕ್ತಾರೆ?

ಆ ಕಂತಿನ ರಾಮ್ಯುಲನ್ ನಾಯಕ ಮಾರ್ಕ್ ಲೆನಾರ್ಡ್. ಗಂಭೀರ ಮುಖ, ಗುಡುಗಿನಂಥ ದನಿ. ಮರುವರ್ಷ ಅವರನ್ನೇ ಸ್ಪಾಕ್‌ನ ಅಪ್ಪನ ಪಾತ್ರಕ್ಕೆ ಕರೆದರು. ವಯಸ್ಸಿನಲ್ಲಿ ನಿಮಾಯ್‌ಗಿಂತ ಆರೂವರೆ ವರ್ಷ ದೊಡ್ಡವರು ಅಷ್ಟೇ! 1979ರಲ್ಲಿ ಮೊದಲ ಸಿನಿಮಾ ಬಂದಾಗ ಕ್ಲಿಂಗಾನ್ ಅನ್ನುವ ಯೋಧರ ಜನಾಂಗದ, ಹಣೆಯ ಮೇಲೆ ಮೂಳೆಯ ಏಣು ಇರುವ ಹೊಸ ಬಗೆಯ ನಾಯಕನಾಗಿ ಬಂದವರೂ ಅವರೇ. ಒಬ್ಬರೇ ಮನುಷ್ಯ, ಮೂರು ಜನಾಂಗ.

ಈ ಕ್ಲಿಂಗಾನ್‌ಗಳ ಹಣೆ ಬಗ್ಗೆ ಒಂದು ಮಾತು. ಅರವತ್ತರ ದಶಕದಲ್ಲಿ ಕ್ಲಿಂಗಾನ್ ಅಂದ್ರೆ ಮುಖಕ್ಕೆ ಕಂದು ಬಣ್ಣ, ಮೀಸೆ ಗಡ್ಡ, ದಪ್ಪ ಹುಬ್ಬು, ಮುಗೀತು. (ಬಿಳಿಯರಿಗೆ ಕಂದು ಬಣ್ಣ ಬಳಿದು ಇವರು ದುಷ್ಟರು ಅಂತ ತೋರಿಸೋದು ಇವತ್ತು ನೋಡುವಾಗ ಚೂರು ಕಸಿವಿಸಿ ಆಗುತ್ತೆ, ಹೇಳದೇ ಇರಲಾರೆ.) ಸಿನಿಮಾದ ದುಡ್ಡು ಬಂದ ಮೇಲೆ ಹಣೆ ಬಂತು. ಹಾಗಾದರೆ ಮೊದಲಿನವರಿಗೆ ಹಣೆ ಯಾಕೆ ನುಣ್ಣಗಿತ್ತು? 1996ರ ಒಂದು ಕಂತಿನಲ್ಲಿ ವಾರ್ಫ್ ಅನ್ನುವ ಕ್ಲಿಂಗಾನ್‌ನನ್ನು ಇದನ್ನೇ ಕೇಳಿದಾಗ, ಹೊರಗಿನವರ ಹತ್ತಿರ ನಾವು ಅದನ್ನು ಮಾತಾಡಲ್ಲ ಅಂದುಬಿಡ್ತಾನೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡದೆ 2005ರಲ್ಲಿ ಎರಡು ಕಂತು ಪೂರ್ತಿ ಇದಕ್ಕೆ ವೈಜ್ಞಾನಿಕ ಕಾರಣ ಕೊಡೋಕೆ ಖರ್ಚು ಮಾಡಿದರು. ಸುಮ್ನೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನ್ನ ಅಭಿಪ್ರಾಯ.

ಅದೇ 1979ರ ಸಿನಿಮಾದಲ್ಲಿ ನಮ್ಮವರೊಬ್ಬರು ಏಲಿಯನ್ ಆಗಿದ್ದರು. ಪರ್ಸಿಸ್ ಖಂಬಾಟಾ, ಮುಂಬೈಯವರು, 1965ರ ಮಿಸ್ ಇಂಡಿಯಾ. ಅವರನ್ನು ಆರಿಸಿದ್ದು ನಿಜಕ್ಕೂ ಟಿವಿ ಸೀರಿಯಲ್‌ಗೆ. ಆ ಸೀರಿಯಲ್ ನಿಂತು ಸಿನಿಮಾ ಆಯಿತು, ಪಾತ್ರ ಹಾಗೇ ಉಳಿಯಿತು. ಅವರಿಗೆ ರಬ್ಬರಿಲ್ಲ, ಹಣೆಯಿಲ್ಲ. ತಲೆ ಬೋಳಿಸಿದರು ಅಷ್ಟೇ. ಸೌಂದರ್ಯ ಸ್ಪರ್ಧೆ ಗೆದ್ದವರು ಕ್ಯಾಮೆರಾ ಮುಂದೆ ಉದ್ದ ಕೂದಲು ಕೊಟ್ಟು ಕೂರೋದು ಸಣ್ಣ ಮಾತಲ್ಲ.

ಈಗ ಅಸಲಿ ಕೆಲಸಕ್ಕೆ ಬರೋಣ. 1987ರಲ್ಲಿ ಹೊಸ ಸ್ಟಾರ್ ಟ್ರೆಕ್ ಶುರುವಾದಾಗ ಮೇಕಪ್ ವಿಭಾಗ ಮೈಕೆಲ್ ವೆಸ್ಟ್‌ಮೋರ್ ಕೈಗೆ ಬಂತು. ಇವರ ತಾತ ಜಾರ್ಜ್ ವೆಸ್ಟ್‌ಮೋರ್ 1917ರಲ್ಲೇ ಹಾಲಿವುಡ್ ಸ್ಟುಡಿಯೋ ಒಂದರೊಳಗೆ ಮೊದಲ ಮೇಕಪ್ ವಿಭಾಗ ತೆರೆದವರು. ಅಂದರೆ ಮನೆತನದ ಕಸುಬು. ಮೈಕೆಲ್ ಅಷ್ಟು ಹೊತ್ತಿಗಾಗಲೇ ಮೇಕಪ್‌ಗೆ ಆಸ್ಕರ್ ಗೆದ್ದಿದ್ದರು, ಅಂಥವರು ಬಂದು ಟಿವಿಯಲ್ಲಿ ವಾರಕ್ಕೊಂದು ಹಣೆ ಮಾಡಿಕೊಂಡು ಕೂತರು.

ಒಂದು ಹಣೆ ಮಾಡೋದು ಹೀಗೆ. ಮೊದಲು ನಟನನ್ನು ಕೂರಿಸಿ ಮುಖಕ್ಕೆಲ್ಲ ಆಲ್ಜಿನೇಟ್ ಮೆತ್ತುತ್ತಾರೆ. ಹಲ್ಲಿನ ಡಾಕ್ಟರು ಅಚ್ಚು ತೆಗೆಯೋಕೆ ಬಾಯಿಗೆ ತುರುಕುತ್ತಾರಲ್ಲ, ತಣ್ಣಗೆ ಲೋಳೆಲೋಳೆ, ಅದೇ. ಮೂಗಿನ ಹೊಳ್ಳೆ ಮಾತ್ರ ಬಿಟ್ಟು ಕಣ್ಣು, ಬಾಯಿ ಎಲ್ಲ ಮುಚ್ಚಿಹೋಗುತ್ತೆ. ಮೇಲೆ ಪ್ಲಾಸ್ಟರ್ ಬ್ಯಾಂಡೇಜು. ಅದು ಗಟ್ಟಿಯಾಗುವವರೆಗೆ ಅಲುಗಾಡದೆ, ಮಾತಾಡದೆ, ಕತ್ತಲಲ್ಲಿ ಕೂರಬೇಕು. ಎಷ್ಟೋ ಜನಕ್ಕೆ ಇಲ್ಲೇ ಉಸಿರು ಕಟ್ಟಿದ ಹಾಗಾಗುತ್ತೆ. ಆ ಅಚ್ಚಿನಿಂದ ನಟನ ಮುಖದ್ದೇ ಗಟ್ಟಿ ಪ್ರತಿ ಸಿಗುತ್ತೆ. ಅದರ ಮೇಲೆ ಜೇಡಿಮಣ್ಣಿನಲ್ಲಿ ಏಲಿಯನ್ ಹಣೆ, ಮೂಗು ತಿದ್ದುತ್ತಾರೆ. ಅದಕ್ಕೆ ಇನ್ನೊಂದು ಅಚ್ಚು. ಎರಡು ಅಚ್ಚಿನ ಮಧ್ಯೆ ಉಳಿಯುವ ಖಾಲಿ ಜಾಗಕ್ಕೆ ಫೋಮ್ ಲೇಟೆಕ್ಸ್ ಅನ್ನುವ ನೊರೆ ರಬ್ಬರು ಸುರಿಯೋದು. ಈ ಲೇಟೆಕ್ಸನ್ನು ಕೇಕಿನ ಹಿಟ್ಟಿನ ಹಾಗೆ ಮಿಕ್ಸರಿನಲ್ಲಿ ನೊರೆ ಬರುವಂತೆ ಕಡೆದು, ಹೆಪ್ಪುಗಟ್ಟಿಸುವ ರಾಸಾಯನಿಕ ಸೇರಿಸಿ, ಅಚ್ಚಿಗೆ ಹೊಯ್ದು, ಓವನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಇಡ್ಲಿ ಹಿಟ್ಟಿನ ಹಾಗೇ ನಖರಾ. ತಂಡಿ ಜಾಸ್ತಿಯಾದರೆ ಒಂಥರ, ಸೆಕೆಯಾದರೆ ಇನ್ನೊಂಥರ.

ಇಷ್ಟೆಲ್ಲ ಮಾಡಿದ ತುಂಡು ಬಾಳೋದು ಒಂದೇ ದಿನ! ಅಂಚು ಚರ್ಮದಲ್ಲಿ ಕರಗಿದ ಹಾಗೆ ಕಾಣಬೇಕು ಅಂದರೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿರಬೇಕು, ಸಂಜೆ ಕೀಳುವಾಗ ಅದು ಹರಿದುಹೋಗುತ್ತೆ. ಮರುದಿನಕ್ಕೆ ಹೊಸದು. ಮುಖ್ಯ ಪಾತ್ರಧಾರಿಗೆ ವರ್ಷಕ್ಕೆ 26 ಕಂತು, ಕಂತಿಗೆ ಏಳೆಂಟು ದಿನದ ಶೂಟಿಂಗ್ ಅಂದರೆ ಎಷ್ಟು ಹಣೆ ಬೇಯಬೇಕು ಲೆಕ್ಕ ಹಾಕಿ. ಹಿಂದೆ ನಿಲ್ಲುವ ಗುಂಪಿನ ಏಲಿಯನ್‌ಗಳಿಗೆ ಈ ಭಾಗ್ಯ ಇಲ್ಲ. ಹಳೇ ಅಚ್ಚಿನಲ್ಲಿ ತೆಗೆದ ಮೂಗು, ಇನ್ಯಾವುದೋ ಅಚ್ಚಿನ ಹಣೆ, ಎರಡನ್ನೂ ಸೇರಿಸಿದರೆ ಹೊಸ ಗ್ರಹ ರೆಡಿ.

ಹಾಗಾದರೆ ಹೊಸ ಮುಖದ ಕಲ್ಪನೆ ಎಲ್ಲಿಂದ? ನನಗೆ ತುಂಬ ಇಷ್ಟವಾದ ಉದಾಹರಣೆ ಕಾರ್ಡೇಸಿಯನ್ ಅನ್ನುವ ಜನಾಂಗದ್ದು. ಹಣೆಯ ಮಧ್ಯೆ ಚಮಚ ಇಟ್ಟು ಒತ್ತಿದ ಹಾಗೆ ಒಂದು ಗುಂಡಿ ಇರುತ್ತೆ ಅವರಿಗೆ. ವೆಸ್ಟ್‌ಮೋರ್ ಬಹಳ ಹಿಂದೆ ಒಂದು ಚಿತ್ರ ನೋಡಿದ್ದರಂತೆ, ಹೆಂಗಸಿನ ಹಣೆಯಲ್ಲಿ ಚಮಚದ ಆಕಾರ ಇರುವ ನವ್ಯ ಚಿತ್ರ. ಅದು ತಲೆಯಲ್ಲಿ ಉಳಿದಿತ್ತು. ಇನ್ನು ಕತ್ತಿನಿಂದ ಭುಜದವರೆಗೆ ಹೆಡೆಯ ಹಾಗೆ ಹರಡುವ ಏಣು ಇದೆಯಲ್ಲ, ಅದು ಬಂದದ್ದು ನಟ ಮಾರ್ಕ್ ಅಲೈಮೊ ಅವರಿಂದ. 1991ರಲ್ಲಿ ಮೊದಲ ಕಾರ್ಡೇಸಿಯನ್ ಆಗಿ ಬಂದವರಲ್ಲಿ ಅವರಿದ್ದರು. ಅವರ ಕತ್ತು ಉದ್ದ. ಇಷ್ಟು ಉದ್ದದ ಕತ್ತನ್ನು ಖಾಲಿ ಬಿಡೋದು ಯಾಕೆ ಅಂತ ವೆಸ್ಟ್‌ಮೋರ್ ಅದಕ್ಕೆ ಏಣು ಕೊಟ್ಟರು. ಆಮೇಲೆ ಬಂದ ಅಷ್ಟೂ ಕಾರ್ಡೇಸಿಯನ್‌ಗಳಿಗೆ, ಗಿಡ್ಡ ಕತ್ತಿನವರಿಗೂ, ಒಬ್ಬ ನಟನ ಕತ್ತಿನ ಆಸ್ತಿ ಪಾಲಾಗಿ ಸಿಕ್ಕಿತು. ಒಂದು ಇಡೀ ಜನಾಂಗದ ಅಂಗರಚನೆ ತೀರ್ಮಾನ ಆಗಿದ್ದು ಹೀಗೆ.

ಹೆಂಗಸರ ವಿಷಯಕ್ಕೆ ಬಂದರೆ ಲೆಕ್ಕ ಬೇರೆ, ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಟ್ರಿಲ್ ಅನ್ನುವ ಜನಾಂಗ 1991ರಲ್ಲಿ ಮೊದಲು ಬಂದಾಗ ಅವರಿಗೆ ದಪ್ಪ ಹಣೆ ಇತ್ತು. ಎರಡು ವರ್ಷ ಆದ ಮೇಲೆ ಇನ್ನೊಂದು ಸ್ಟಾರ್ ಟ್ರೆಕ್ ಸೀರಿಯಲ್ 'ಡೀಪ್ ಸ್ಪೇಸ್ ನೈನ್'ಗೆ ಮಾಡೆಲ್ ಆಗಿದ್ದ ಟೆರಿ ಫ್ಯಾರೆಲ್ ಅವರನ್ನು ಟ್ರಿಲ್ ಪಾತ್ರಕ್ಕೆ ತೆಗೆದುಕೊಂಡರು. ಹಣೆ ಅಂಟಿಸಿ ನೋಡಿದರೆ ಚಂದದ ಮುಖ ಹಾಳಾಗ್ತಿದೆ ಅಂತ ಮೇಲಿನವರ ತಕರಾರು. ಹಣೆ ಹೋಯಿತು. ಹಿಂದೆ ಫಾಮ್ಕೆ ಯಾನ್ಸೆನ್ ಒಂದು ಕಂತಿನಲ್ಲಿ ಬೇರೆ ಏಲಿಯನ್ ಆಗಿದ್ದಾಗ ಹಾಕಿದ್ದ ಚುಕ್ಕೆಗಳನ್ನೇ ತಂದು ಕೆನ್ನೆ ಪಕ್ಕದಿಂದ ಕತ್ತಿನವರೆಗೆ ಇಳಿಸಿದರು. ಆ ಚುಕ್ಕೆ ಒಂದೊಂದನ್ನೂ ವೆಸ್ಟ್‌ಮೋರ್ ಕೈಯಲ್ಲೇ ಬರೆಯುತ್ತಿದ್ದರು. ಬಜೋರನ್ ಅನ್ನುವ ಜನಾಂಗಕ್ಕೂ ಅಷ್ಟೇ, ಮೂಗಿನ ಬುಡದಲ್ಲಿ ಸಣ್ಣ ಮಡಿಕೆ, ಕಿವಿಗೊಂದು ಓಲೆ. ಮಿಶೆಲ್ ಫೋರ್ಬ್ಸ್ ಮೊದಲ ಮುಖ್ಯ ಬಜೋರನ್, ಅವರ ಮುಖ ಮುಚ್ಚಬಾರದು ಅಂತಲೇ ಅಷ್ಟು ಕಡಿಮೆ. ಚಂದಕ್ಕೆ ಚಂದ, ಖರ್ಚೂ ಕಮ್ಮಿ. ಸರಿ, ನೋಡೋಕೆ ಚೆನ್ನಾಗಿದೆ ಒಪ್ತೀನಿ. ಆದರೆ ಗಂಡಸರಿಗೆ ಹಣೆ ತುಂಬ ಆಮೆ ಚಿಪ್ಪು, ಹೆಂಗಸರಿಗೆ ಮೂಗಿಗೆ ನಾಲ್ಕು ಗೆರೆ, ಇದು ಯಾವ ಗ್ಯಾಲಕ್ಸಿಯ ನ್ಯಾಯ? ಕ್ಲಿಂಗಾನ್ ಅಕ್ಕತಂಗಿಯರು ಲುರ್ಸಾ, ಬಿಟೋರ್ ಇಬ್ಬರಿಗೆ ಪೂರ್ತಿ ಹಣೆ, ವಕ್ರ ಹಲ್ಲು ಎಲ್ಲ ಕೊಟ್ಟರು. ಆದರೆ ಅವರ ರವಿಕೆ ನೋಡಿದ್ರೆ ಅದರ ಲೆಕ್ಕವನ್ನೂ ಬೇರೆ ಕಡೆ ಚುಕ್ತಾ ಮಾಡಿದ್ದಾರೆ ಅನ್ನಿಸುತ್ತೆ.

'ಬ್ಯಾಬಿಲಾನ್ 5' ಅನ್ನುವ ಬೇರೊಂದು ಬಾಹ್ಯಾಕಾಶ ಸೀರಿಯಲ್ ಈ ವಿಷಯದಲ್ಲಿ ಇನ್ನೂ ಧೈರ್ಯದ ಯೋಚನೆ ಮಾಡಿತ್ತು. ಡೆಲೆನ್ ಅನ್ನುವ ಏಲಿಯನ್ ಪಾತ್ರವನ್ನು ಹೆಂಗಸು ಮಾಡಬೇಕು, ಆದರೆ ಪಾತ್ರ ಗಂಡು, ದನಿಯನ್ನು ಯಂತ್ರದಲ್ಲಿ ಬದಲಾಯಿಸೋದು ಅಂತ. ಯುಗೊಸ್ಲಾವಿಯಾದಲ್ಲಿ ಹೆಸರು ಮಾಡಿ ಅಮೆರಿಕಕ್ಕೆ ಬಂದಿದ್ದ ಮೀರಾ ಫುರ್ಲಾನ್ ಆ ಪಾತ್ರಕ್ಕೆ ಬಂದರು. 1993ರ ಪೈಲಟ್‌ನಲ್ಲಿ ಅವರ ಮುಖ ಗಂಡಸಿನ ಹಾಗೇ ಗಟ್ಟಿ ಗದ್ದದ್ದು. ದನಿ ಬದಲಾಯಿಸಿದ್ದು ಯಾಕೋ ಕೂಡಲಿಲ್ಲ, ಪಾತ್ರ ಹೆಣ್ಣೇ ಆಯಿತು, ಮೇಕಪ್ ಮೆತ್ತಗಾಯಿತು. ಅದೇ ಸೀರಿಯಲ್‌ನಲ್ಲಿ ಜಿಕಾರ್ ಅನ್ನುವ ಏಲಿಯನ್ ಆಗಿದ್ದವರು ಆಂಡ್ರಿಯಾಸ್ ಕಟ್ಸುಲಾಸ್. ಚುಕ್ಕೆಚುಕ್ಕೆ ಹಲ್ಲಿ ತಲೆ, ಕೆಂಪು ಲೆನ್ಸು. 'ಮಹಾಭಾರತ'ವನ್ನು ಒಂಬತ್ತು ಗಂಟೆಯ ನಾಟಕ ಮಾಡಿದ ಪೀಟರ್ ಬ್ರೂಕ್ ಇದ್ದರಲ್ಲ, ಅವರ ತಂಡದ ಜೊತೆ ಕಟ್ಸುಲಾಸ್ ವರ್ಷಗಟ್ಟಲೆ ದೇಶ ದೇಶ ಸುತ್ತಿದವರು. ಅದು ಕಾಣುತ್ತೆ. ರಬ್ಬರಿನ ಅಡಿ ಮುಖದ ಸಣ್ಣ ಸಣ್ಣ ಸ್ನಾಯು ಸತ್ತುಹೋಗುತ್ತೆ. ಉಳಿಯೋದು ಕಣ್ಣು, ದನಿ, ಕತ್ತು ತಿರುಗಿಸುವ ರೀತಿ. ಟಿವಿಯ ಕ್ಲೋಸಪ್‌ಗೆ ಒಗ್ಗಿದ ನಟರು ಇದರೊಳಗೆ ಮುಳುಗಿಹೋಗ್ತಾರೆ. ಕೊನೆ ಸಾಲಿನಲ್ಲಿ ಕೂತವನಿಗೂ ತಲುಪಿಸಿ ಅಭ್ಯಾಸ ಇರುವ ರಂಗಭೂಮಿಯವರು ಮಾತ್ರ ಉಸಿರಾಡ್ತಾರೆ.

ವಾರ್ಫ್ ಪಾತ್ರದ ಆಡಿಷನ್‌ಗೆ ಮೈಕೆಲ್ ಡಾರ್ನ್ ಹೋದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹೊರಗೆ ಕಾಯುವಾಗ ಬೇರೆ ನಟರ ಜೊತೆ ಹರಟೆ ಇಲ್ಲ, ನಗು ಇಲ್ಲ. ಮೇಕಪ್ ಇಲ್ಲದೆಯೇ ಕ್ಲಿಂಗಾನ್ ಆಗಿ ಒಳಗೆ ಹೋದರು, ಓದಿದರು, ಬಂದರು. ಇನ್ನೊಬ್ಬ ಕ್ಲಿಂಗಾನ್, ಗಾವ್ರಾನ್ ಪಾತ್ರದ ರಾಬರ್ಟ್ ಓರೈಲಿ ಅವರದ್ದು ಪೂರ್ತಿ ಕಣ್ಣಿನ ವ್ಯಾಪಾರ. ಗುಡ್ಡೆ ಹೊರಗೆ ಬರುವ ಹಾಗೆ ಅರಳಿಸಿ ನೋಡಿದರೆ ಎದುರಿನವನ ಮಾತು ಗಂಟಲಲ್ಲೇ ನಿಲ್ಲುತ್ತೆ. ಅಚ್ಚಿನಲ್ಲಿ ಹಣೆ ತೆಗೆಯಬಹುದು, ಆ ಕಣ್ಣು ಎಲ್ಲಿಂದ ತರ್ತೀರಿ?

ಇದನ್ನು ಓದುವಾಗೆಲ್ಲ ನನಗೆ ಪುತ್ತೂರು ಕಡೆಯ ಅಜ್ಜಿಮನೆ ನೆನಪಾಗುತ್ತಿತ್ತು. ಚಿಕ್ಕವಳಿದ್ದಾಗ ಯಕ್ಷಗಾನದ ಆಟ ಶುರುವಾಗುವ ಮೊದಲು ಮಾವನ ಜೊತೆ ಬಣ್ಣ ಹಚ್ಚುವ ಚೌಕಿಗೆ ಹೋಗಿ ಬಣ್ಣದ ವೇಷದವರು ಕೂತು ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಡುವುದನ್ನು ನೋಡುತ್ತಿದ್ದೆ. ಒಂದೊಂದೇ ಮುಳ್ಳು, ಕನ್ನಡಿ ನೋಡಿಕೊಂಡು, ಗಂಟೆಗಟ್ಟಲೆ. ಮಾತಾಡಿಸಿದರೆ ಹೂಂ ಅನ್ನುವುದು ಮೂಗಿನಲ್ಲೇ. ಒಂದು ವ್ಯತ್ಯಾಸ ಇದೆ. ಅವರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಿದ್ದರು, ಇಲ್ಲಿ ಬೇರೆಯವರ ಕೈಗೆ ಮುಖ ಒಪ್ಪಿಸಿ ಬೆಳಗಿನ ಜಾವ ನಾಲ್ಕು ಗಂಟೆಗೆ ಸುಮ್ಮನೆ ಕೂರಬೇಕು.

ಹೌದು, ನಾಲ್ಕು ಗಂಟೆ. ಏಳಕ್ಕೆ ಕ್ಯಾಮೆರಾ ಅಂದರೆ ಏಲಿಯನ್ ಆಗುವವರು ಎಲ್ಲರಿಗಿಂತ ಮೊದಲು ಬರಬೇಕು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೂ ಇವರು ಕೂತು ಅಂಟು ಬಿಡಿಸಿಕೊಳ್ಳಬೇಕು, ಅವಸರ ಮಾಡಿದರೆ ಚರ್ಮವೇ ಬರುತ್ತೆ. ಹಾಗಾಗಿ ಇಂಥ ಪಾತ್ರಕ್ಕೆ ಆರಿಸುವಾಗ ನಟನೆಯಷ್ಟೇ ಸಹನೆಯನ್ನೂ ನೋಡಬೇಕಾಗುತ್ತೆ. ಒಮ್ಮೆ ತಡೆದುಕೊಂಡವರನ್ನೇ ಮತ್ತೆ ಮತ್ತೆ ಕರೆಯೋದು ಅದಕ್ಕೇ ಅನ್ನಿಸುತ್ತೆ. ಜೆಫ್ರಿ ಕೂಂಬ್ಸ್ ಇದರಲ್ಲಿ ಚಾಂಪಿಯನ್. 1999ರ ಒಂದೇ ಕಂತಿನಲ್ಲಿ ಎರಡು ಬೇರೆ ಬೇರೆ ಜನಾಂಗದ ಪಾತ್ರ ಮಾಡಿದ್ದಾರೆ, ಆಮೇಲೆ ನೀಲಿ ಮುಖ, ತಲೆ ಮೇಲೆ ಜಿರಲೆಗಿರುವಂಥ ಎರಡು ಮೀಸೆ ಹೊತ್ತು ಮೂರನೇದೂ ಮಾಡಿದರು. ನನ್ನ ಗಂಡ ಅಷ್ಟೂ ನೋಡಿದವನು, ಎಲ್ಲಾ ಒಬ್ಬರೇ ಅಂತ ನಾನು ಹೇಳುವವರೆಗೆ ಗೊತ್ತಿರಲಿಲ್ಲ.

ನನ್ನ ಪ್ರೀತಿಯ ಪಾತ್ರ ಮಾತ್ರ ಸ್ಟಾರ್ ಟ್ರೆಕ್‌ನ ವ್ಯಾಪಾರಿ ಜನಾಂಗ ಫೆರೆಂಗಿಗಳದ್ದು. ದೊಡ್ಡ ಕಿವಿ, ಮೊನಚು ಹಲ್ಲು, ಬಾಯಿ ಬಿಟ್ಟರೆ ಲಾಭ ನಷ್ಟ. ಈ ಹೆಸರು ಬಂದಿರೋದು ಯುರೋಪಿನ ವ್ಯಾಪಾರಿಗಳನ್ನು ನಮ್ಮ ಕಡೆಯವರು ಕರೆಯುತ್ತಿದ್ದ ಹೆಸರಿನಿಂದಲೇ. ನಮ್ಮ 'ಪರಂಗಿ' ಅದೇ ಬುಡದ್ದು. ಮಗಳಿಗೆ ಹೇಳಿದ ಮೇಲೆ ಮನೆಯಲ್ಲಿ ಪರಂಗಿ ಹಣ್ಣನ್ನು ಯಾರೂ ಹಳೇ ಹೆಸರಿನಲ್ಲಿ ಕರೆಯುತ್ತಿಲ್ಲ. 1987ರಲ್ಲಿ ಮೊದಲ ಬಾರಿ ಫೆರೆಂಗಿಗಳು ಬಂದಾಗ ಅವರಲ್ಲೊಬ್ಬರು ಆರ್ಮಿನ್ ಶಿಮರ್ಮನ್. ಭಯಂಕರ ಶತ್ರುಗಳಾಗಬೇಕಿತ್ತು, ಕುಪ್ಪಳಿಸಿ ಕುಪ್ಪಳಿಸಿ ನಗೆಪಾಟಲಾದರು. ಆ ಕೆಟ್ಟ ಅಭಿನಯದಲ್ಲಿ ತಮ್ಮ ಪಾಲೂ ಇದೆ ಅಂತ ಶಿಮರ್ಮನ್ ಒಪ್ಪಿಕೊಳ್ಳುತ್ತಾರೆ. 1993ರಲ್ಲಿ 'ಡೀಪ್ ಸ್ಪೇಸ್ ನೈನ್'ನ ಫೆರೆಂಗಿ ಕ್ವಾರ್ಕ್ ಪಾತ್ರ ಬಂದಾಗ ಅದನ್ನು ಸರಿಪಡಿಸುವ ಅವಕಾಶ ಅಂತಲೇ ಕೈಗೆತ್ತಿಕೊಂಡರು. ಅದೇ ಪಾತ್ರಕ್ಕೆ ಮ್ಯಾಕ್ಸ್ ಗ್ರೊಡೆನ್‌ಚಿಕ್ ಕೂಡ ಆಡಿಷನ್ ಕೊಟ್ಟಿದ್ದರು. ಸೋತವರನ್ನು ಕಳಿಸಲಿಲ್ಲ, ಕ್ವಾರ್ಕ್‌ನ ತಮ್ಮನ ಪಾತ್ರ ಕೊಟ್ಟರು. ಏಳು ವರ್ಷ ಇಬ್ಬರೂ ಅಣ್ಣತಮ್ಮಂದಿರಾಗಿ ಜಗಳ ಆಡಿದರು. ಇಂಥ ಕಾಸ್ಟಿಂಗ್‌ಗೆ ಕೈ ಮುಗಿಯಬೇಕು. ಅದರ ಜೊತೆಗೇ ಶಿಮರ್ಮನ್ ಇನ್ನೊಂದು ಸೀರಿಯಲ್‌ನಲ್ಲಿ ಸಿಡುಕು ಮೋರೆಯ ಹೆಡ್‌ಮಾಸ್ಟರ್ ಆಗಿಯೂ ಬರುತ್ತಿದ್ದರು. ಒಂದು ಕಡೆ ಸ್ವಂತ ಮುಖ, ಇನ್ನೊಂದು ಕಡೆ ತಲೆ ಪೂರ್ತಿ ರಬ್ಬರು.

ಎಲ್ಲರಿಗೂ ಇದು ಸುಖವಾಗಿ ಮುಗಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ ತೆಗೆದ ಬಾಹ್ಯಾಕಾಶ ಸೀರಿಯಲ್ 'ಫಾರ್‌ಸ್ಕೇಪ್'ನಲ್ಲಿ ಝಾನ್ ಅನ್ನುವ ಹೆಣ್ಣು ಏಲಿಯನ್ ಪಾತ್ರ ಮಾಡಿದ ವರ್ಜಿನಿಯಾ ಹೇ ತಲೆ, ಹುಬ್ಬು ಬೋಳಿಸಿ ಮೈಯೆಲ್ಲ ನೀಲಿ ಬಳಿದುಕೊಳ್ಳುತ್ತಿದ್ದರು. ಮೇಕಪ್‌ನಿಂದ ಮೂತ್ರಪಿಂಡಕ್ಕೆ ತೊಂದರೆ ಆಯಿತು, ಅದಕ್ಕೇ ಬಿಟ್ಟೆ ಅಂತ ಅವರೇ ಹೇಳಿದ್ದಾರೆ. ಅದೇ ಸೀರಿಯಲ್‌ನ ಬೇರೆ ಪಾತ್ರಗಳಿಗೆ ಮನುಷ್ಯರೇ ಬೇಡ ಅಂತ ಜಿಮ್ ಹೆನ್ಸನ್ ಕಂಪನಿಯ ಗೊಂಬೆಗಳನ್ನು ತಂದರು. ಗೊಂಬೆಗೆ ಕಿಡ್ನಿ ಇಲ್ಲ.

ಈಗೀಗ ಲೇಟೆಕ್ಸ್ ಜಾಗಕ್ಕೆ ಸಿಲಿಕೋನ್ ಬಂದಿದೆ. ಚರ್ಮದ ಹಾಗೆ ಬೆಳಕು ಒಳಗೆ ಇಳಿಯುತ್ತೆ, ದೊಡ್ಡ ಟಿವಿಯಲ್ಲೂ ಮೋಸ ಕಾಣಲ್ಲ. ಆದರೆ ಆರಿಸುವ ಲೆಕ್ಕ ಹಳೇದೇ. 2017ರಲ್ಲಿ ಶುರುವಾದ ಸ್ಟಾರ್ ಟ್ರೆಕ್ ಸೀರಿಯಲ್ 'ಡಿಸ್ಕವರಿ'ಯ ಸಾರು (ನಮ್ಮ ಮೆಣಸಿನ ಸಾರಲ್ಲ, ಹೆಸರು) ಪಾತ್ರಕ್ಕೆ ಡಗ್ ಜೋನ್ಸ್. ಆರಡಿ ದಾಟಿದ ಸಣಕಲು ಮೈ, ಮೂಕಾಭಿನಯದ ಅಭ್ಯಾಸ. ಹಿಮ್ಮಡಿಯೇ ಇಲ್ಲದ ಗೊರಸಿನ ಬೂಟು ಕೊಟ್ಟರು, ಮುಂಗಾಲಿನ ಮೇಲೇ ನಡೆಯಬೇಕು. ಬೀಳದೆ ನಿಲ್ಲೋಕೆ ಸೊಂಟ ಮುಂದೆ, ಕೈ ಹಿಂದೆ ತೂಗಾಡಿಸಿ ನಡೆದರು. ಆ ತೂಗಾಟವೇ ಆ ಜನಾಂಗದ ನಡಿಗೆ ಆಯಿತು. ಮತ್ತೆ 2022ರ ಇನ್ನೊಂದು ಸ್ಟಾರ್ ಟ್ರೆಕ್ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನಲ್ಲಿ ಕಣ್ಣು ಕಾಣದ ಜನಾಂಗದ ಎಂಜಿನಿಯರ್ ಒಬ್ಬ ಬರುತ್ತಾನೆ, ಹೆಮ್ಮರ್. ಆ ಪಾತ್ರ ಮಾಡಿದ ಕೆನಡಾದ ಬ್ರೂಸ್ ಹೊರಾಕ್ ಅವರಿಗೆ ಚಿಕ್ಕಂದಿನಿಂದ ದೃಷ್ಟಿ ಬಹಳ ಕಡಿಮೆ. ಹಾಗಂತ ಹೆಮ್ಮರ್ ಮೂಲೆಗೊರಗಿ ಕೂರುವ ಪಾಪದವನಲ್ಲ, ಎಲ್ಲರನ್ನೂ ಗದರಿಸುವ ಜಂಭದ ಮನುಷ್ಯ. ಬೇಗ ಕೊಂದುಬಿಟ್ಟರು, ಅದಕ್ಕೆ ನನಗಿನ್ನೂ ಕ್ಷಮಿಸೋಕಾಗಿಲ್ಲ.

ಈ ವರ್ಷದ ಛದ್ಮವೇಷ ಮುಂದಿನ ತಿಂಗಳು. ನಾನು ಬುದ್ಧಿವಂತಿಕೆಯಿಂದ ಬಜೋರನ್ ಆಗು ಅಂದೆ. ಮೂಗಿನ ಮೇಲೆ ನಾಲ್ಕು ಗೆರೆ, ನನ್ನ ಹಳೇ ಜುಮುಕಿ, ಐದು ನಿಮಿಷದ ಕೆಲಸ. ಅವಳು ನನ್ನನ್ನೇ ದಿಟ್ಟಿಸಿ, ಹುಡುಗಿಯರಿಗೆ ಮಾತ್ರ ನಾಲ್ಕು ಗೆರೆ ಯಾಕೆ ಅಂತ ನೀನೇ ಬೈದೆಯಲ್ಲ ಅಂದಳು. ಫೆರೆಂಗಿಯೇ ಆಗಬೇಕಂತೆ, ಪೂರ್ತಿ ತಲೆ, ಹಲ್ಲಿನ ಸಮೇತ. ನಿನ್ನೆ ಭಾನುವಾರ ಟೇಪು ಹಿಡಿದು ಅವಳ ತಲೆಯ ಸುತ್ತಳತೆ ತೆಗೆದಿದ್ದೇನೆ. ಐವತ್ತೆರಡು ಸೆಂಟಿಮೀಟರ್. ಕಿವಿಯಿಂದ ಕಿವಿಗೂ ಅಳೆದು ಬರೆದಿಟ್ಟಿದ್ದೇನೆ, ಈ ಸಲ.